ಕೇಳಿಕೊಂಡು ಬರುವವರು

ಡಬ್ಲಿನ್ನಿನಲ್ಲಿ ನನ್ನ ಮೇಲಧಿಕಾರಿಯಾಗಿದ್ದ ಅಮೆರಿಕನ್ನರೊಬ್ಬರು ಒಂದು ಕಾಲಕ್ಕೆ ತಮ್ಮ ದೇಶದ ಸಂಸತ್ ಸದಸ್ಯರಾಗಿದ್ದವರು. ಮೇಲಿಂದ ಮೇಲೆ ಗೆದ್ದು, ಕೊನೆಗೊಮ್ಮೆ ಸೋತು, ವೈದ್ಯಕೀಯ ಉಪಕರಣ ತಯಾರಿಸುವ ಕಂಪನಿಗಳ ಸಂಘಕ್ಕೆ ಸೇರಿದ್ದರು. ಯಾವ ಕಾನೂನಿನಿಂದ ಕಂಪನಿಗಳಿಗೆ ತೊಂದರೆ, ಯಾವುದನ್ನು ಸಡಿಲಿಸಿದರೆ ಅನುಕೂಲ ಎಂದು ಮಂತ್ರಿಗಳಿಗೂ ಅಧಿಕಾರಿಗಳಿಗೂ ಮನವರಿಕೆ ಮಾಡಿಕೊಡುವುದು ಅವರ ಕೆಲಸ. ಲಾಬಿ ಎಂದು ಜನ ಮೂಗು ಮುರಿಯುವ ಕೆಲಸ. ಅವರು ಯಾರನ್ನಾದರೂ ಕಾಣಲು ಹೊರಡುವ ಮುನ್ನ ಓದಿಕೊಳ್ಳುವ ಟಿಪ್ಪಣಿಗಳನ್ನು ನಾನು ಬರೆದುಕೊಡುತ್ತಿದ್ದೆ.

ಟಿಪ್ಪಣಿಗಿಂತ ಅವರಿಗೆ ಒದಗುತ್ತಿದ್ದುದು ಮಾತು. ಎದುರಿಗೆ ಕೂತವರ ಊರು ಯಾವುದು, ಮಕ್ಕಳೆಷ್ಟು ಎಂದು ವಿಚಾರಿಸುತ್ತಲೇ ಅರ್ಧ ಕೆಲಸ ಮುಗಿಸುತ್ತಿದ್ದರು. ಕೊರೊನಾ ಸೋಂಕು ಬಂದು ಕಚೇರಿಗಳೆಲ್ಲ ಮುಚ್ಚಿದಾಗ ಆ ಮಾತಿಗೆ ಜಾಗವೇ ಇಲ್ಲದಂತಾಯಿತು. ಕಂಪ್ಯೂಟರ್ ಪರದೆಯಲ್ಲಿ ಪೆಚ್ಚಾಗಿ ಕೂತಿರುತ್ತಿದ್ದರು. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿದ್ದ ಅವರ ಹೆಂಡತಿ ವಿಮಾನಗಳಿಲ್ಲದೆ ಅಲ್ಲೇ ಉಳಿದಿದ್ದರು.

ನಮ್ಮಿಬ್ಬರ ಮನೆಯೂ ಗ್ರ್ಯಾಂಡ್ ಕೆನಾಲ್ ಡಾಕ್ ಎಂಬ ಕಾಲುವೆ ಬದಿಯ ಬಡಾವಣೆಯಲ್ಲೇ ಇತ್ತು. ಅವರದು ನೀರಿಗೆ ಮುಖಮಾಡಿದ ಗಾಜಿನ ಅಪಾರ್ಟ್‌ಮೆಂಟ್, ನನ್ನದು ಇಬ್ಬರು ಹುಡುಗಿಯರೊಂದಿಗೆ ಹಂಚಿಕೊಂಡ ಒಂದು ಕೋಣೆ. ಮನೆಯಿಂದ ದೂರ ಹೋಗುವಂತಿರಲಿಲ್ಲವಾದ್ದರಿಂದ ದಿನಾ ಸಂಜೆ ಕಾಲುವೆಯ ದಂಡೆಯ ಮೇಲೆ ನಡೆಯುತ್ತಿದ್ದೆ. ಒಂದು ಸಂಜೆ ಅಲ್ಲೇ ಸಿಕ್ಕರು. ಅಂದಿನಿಂದ ನಡುವೆ ಒಂದಾಳು ಮಲಗುವಷ್ಟು ಅಂತರ ಬಿಟ್ಟುಕೊಂಡು ಜೊತೆಯಲ್ಲಿ ನಡೆಯತೊಡಗಿದೆವು. ಅವರು ಆಡಿದ್ದು ಇಂಗ್ಲಿಷಾದರೂ ಈಗ ನೆನೆದರೆ ನನಗೆ ಕನ್ನಡದಲ್ಲೇ ಕೇಳಿಸುತ್ತದೆ.

"ನಿಮ್ಮ ಮನೇಲಿ ರಾಜಕೀಯದವರು ಯಾರಾದ್ರೂ ಇದ್ರಾ?" ಎಂದು ಒಮ್ಮೆ ಕೇಳಿದರು.

ಇದ್ದರು, ನನ್ನ ಅಮ್ಮ. ಮಂಡ್ಯದ ಕಡೆಯ ನಮ್ಮ ಸಣ್ಣ ಪಟ್ಟಣದಲ್ಲಿ ಪುರಸಭೆ ಸದಸ್ಯೆಯಾಗಿದ್ದಳು. ಬೆಳಗ್ಗೆ ನಾನು ಹಲ್ಲುಜ್ಜುತ್ತಿರುವಾಗಲೇ ಗೇಟಿನಲ್ಲಿ ಜನ. ನಲ್ಲಿಯಲ್ಲಿ ನೀರು ಬಂದಿಲ್ಲ, ಚರಂಡಿ ಕಟ್ಟಿಕೊಂಡಿದೆ, ಬೀದಿದೀಪ ಉರಿಯುತ್ತಿಲ್ಲ. ಅಮ್ಮ ಒಗ್ಗರಣೆ ಹಾಕುತ್ತಲೇ ಫೋನಿನಲ್ಲಿ ಎಂಜಿನಿಯರರ ಬೆನ್ನುಹತ್ತುತ್ತಿದ್ದಳು. ಎರಡನೇ ಸಲ ನಿಂತು ಸೋತಳು. ಮರುದಿನದಿಂದ ಗೇಟಿನ ಸದ್ದಿಲ್ಲ. ಆ ಗಲಾಟೆಯನ್ನು ಬೈದುಕೊಂಡೇ ಬೆಳೆದ ನನಗೆ ಅದು ನಿಂತ ಮೇಲೆ ಮನೆಯಲ್ಲಿ ಓದಲೂ ಮನಸ್ಸು ಬರುತ್ತಿರಲಿಲ್ಲ.

ಅವರು ನಡೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಜನ ಒಳಗೆ ಬರುತ್ತಿದ್ದರೋ ಹೊರಗೇ ನಿಲ್ಲುತ್ತಿದ್ದರೋ, ಟೀ ಕೊಡುತ್ತಿದ್ದಿರೋ, ಕೆಲಸವಾಗದವರು ಏನೆನ್ನುತ್ತಿದ್ದರು ಎಂದೆಲ್ಲ ಕೇಳಿದರು. ಆಮೇಲೆ ತಮ್ಮ ಕಥೆ ಹೇಳಿದರು. ಪ್ರತಿ ಶನಿವಾರ ತಮ್ಮೂರಿನ ಒಂದು ಬೇಕರಿಯಲ್ಲಿ ಕೂರುತ್ತಿದ್ದರಂತೆ. ಯಾರು ಬೇಕಾದರೂ ಬಂದು ಎದುರಿನ ಕುರ್ಚಿ ಎಳೆದುಕೊಳ್ಳಬಹುದಿತ್ತು. ಪಿಂಚಣಿ ನಿಂತವರು, ಮಗ ಸೈನ್ಯದಿಂದ ಬಾರದವರು, ಸುಮ್ಮನೆ ಬೈದುಹೋಗಲು ಬಂದವರು.

"ಆಗ ಜನ ನನ್ನನ್ನು ಕೇಳಿಕೊಂಡು ಬರ್ತಿದ್ರು. ಈಗ ನಾನು ಜನರನ್ನ ಕೇಳಿಕೊಂಡು ಹೋಗ್ತೀನಿ," ಎಂದರು. ಸೋತದ್ದಕ್ಕಿಂತ ಆ ಶನಿವಾರಗಳು ಹೋದದ್ದೇ ಅವರನ್ನು ಕಾಡುತ್ತಿತ್ತು.

ಮರುವರ್ಷದ ಬೇಸಿಗೆಯಲ್ಲಿ ಊರಲ್ಲಿ ಎರಡನೇ ಅಲೆ ಎದ್ದಿತು. ಅಮ್ಮನ ಫೋನ್ ಬಂತು.

"ಗೇಟ್ ಹತ್ರ ಜನ ಬಂದವ್ರೆ ಕಣವ್ವ. ಸದಸ್ಯೆ ಅಲ್ಲ ಅಂದ್ರೂ ಕೇಳಾಕಿಲ್ಲ. ಆಸ್ಪತ್ರೇಲಿ ಆಕ್ಸಿಜನ್ ಇಲ್ಲ. ನೀನು ಅದೇನೋ ಆಸ್ಪತ್ರೆ ಮಿಷನ್ ಕಂಪನೀಲಿ ಇದ್ದೀಯಲ್ಲ, ಒಂದ್ ಮಾತು ಕೇಳ್ನೋಡು."

ಮಿಷನ್ನುಗಳ ಬಗ್ಗೆ ಟಿಪ್ಪಣಿ ಬರೆಯುವವಳೇ ಹೊರತು ಒಂದನ್ನೂ ಕಣ್ಣಾರೆ ಕಂಡವಳಲ್ಲ ನಾನು. ಆದರೂ ಸಂಜೆ ಕಾಲುವೆಯ ಬಳಿ ಅವರಿಗೆ ಹೇಳಿದೆ. ಹೇಳುತ್ತಾ ಅಳು ಬಂತು. ಮಾಸ್ಕಿನೊಳಗೆ ಅತ್ತರೆ ಒರೆಸಿಕೊಳ್ಳುವುದೂ ಕಷ್ಟ.

"ಅವರಿಗೆ ಬೇಕಾಗಿರೋದು ನಿಖರವಾಗಿ ಏನು?" ಎಂದರು. ಗಾಳಿಯಿಂದಲೇ ಆಮ್ಲಜನಕ ತೆಗೆದುಕೊಡುವ ಯಂತ್ರ ಎಂದೆ. ಅವರು ಅಲ್ಲೇ ಬೆಂಚಿನ ಮೇಲೆ ಕೂತು ಫೋನ್ ಮಾಡತೊಡಗಿದರು. ಸಂಘದ ಮುಖ್ಯಸ್ಥರು ಇದು ನಮ್ಮ ಕೆಲಸವಲ್ಲ ಎಂದರು. ಒಂದು ಕಂಪನಿಯವರು ಎಲ್ಲ ಯಂತ್ರಗಳೂ ಬೇರೆಡೆಗೆ ನಿಗದಿಯಾಗಿವೆ ಎಂದರು. ಇವರು ಬಿಡಲಿಲ್ಲ. ಮರುದಿನವೂ ಅದೇ. ಒಬ್ಬರ ಹಳೆಯ ಗಾಲ್ಫ್ ಗೆಳೆತನ ನೆನಪಿಸಿ, ಇನ್ನೊಬ್ಬರ ತಾಯಿಯ ಆರೋಗ್ಯ ವಿಚಾರಿಸಿ ಕೇಳಿದರು, ಬೈಸಿಕೊಂಡರು, ಮತ್ತೆ ಕೇಳಿದರು. ಗಾಲ್ವೇ ನಗರದ ವರ್ತಕರೊಬ್ಬರ ಗೋದಾಮಿನಲ್ಲಿ ಕೆಲವು ಯಂತ್ರಗಳು ಸಿಕ್ಕವು. "ಗ್ರ್ಯಾಂಡ್, ತಗೊಂಡ್ಹೋಗಿ," ಎಂದರಂತೆ ಆ ಮನುಷ್ಯ, ಐರಿಷ್ ಜನ 'ಆಗಲಿ' ಎನ್ನುವ ರೀತಿಯಲ್ಲಿ.

ಸರಕು ವಿಮಾನದಲ್ಲಿ ಹೊರಟ ಯಂತ್ರಗಳು ನಮ್ಮೂರ ಆಸ್ಪತ್ರೆ ಸೇರುವಷ್ಟರಲ್ಲಿ ಗೇಟಿಗೆ ಬಂದಿದ್ದ ಕೆಲವರು ಬದುಕಿರಲಿಲ್ಲ. ಅಮ್ಮ ಅದನ್ನು ಮುಚ್ಚಿಡಲಿಲ್ಲ. ಬದುಕುಳಿದವರ ಬಗ್ಗೆಯೂ ಹೇಳಿದಳು. ವಿಡಿಯೋ ಕಾಲಿನಲ್ಲಿ ನನ್ನ ಮೇಲಧಿಕಾರಿಯನ್ನು ಕಂಡು ಕೈಮುಗಿದು, "ಒಳ್ಳೇದಾಗ್ಲಿ ಸ್ವಾಮಿ," ಎಂದಳು. ಮರುಗಳಿಗೆಯೇ ನನ್ನತ್ತ ತಿರುಗಿ, "ಇನ್ನೊಂದೆರಡು ಸಿಗ್ತವಾ ಕೇಳವ್ವ," ಎಂದಳು.

ನನಗೆ ನಾಚಿಕೆಯಾಯಿತು. ಅನುವಾದಿಸದೆ ಇರೋಣವೆಂದುಕೊಂಡೆ. ಅವರು ಬಿಡದೆ ಕೇಳಿ ತಿಳಿದುಕೊಂಡರು. ತಿಳಿದದ್ದೇ ತಡ, ದೊಡ್ಡದಾಗಿ ನಕ್ಕರು. ನಾನು ಅಲ್ಲಿಯವರೆಗೆ ಕೇಳಿರದ ನಗು.

"ನೋಡಿ, ನನ್ನ ಮತದಾರರು ಥೇಟ್ ಹೀಗೇ!" ಎಂದರು.

ವಿಮಾನಗಳು ಶುರುವಾದ ಮೇಲೆ ಅಮೆರಿಕಕ್ಕೆ ಮರಳಿದರು. ಹೊರಡುವ ಮುನ್ನ, ಮತ್ತೆ ಚುನಾವಣೆಗೆ ನಿಲ್ಲುವಿರಾ ಎಂದು ಕೇಳಿದ್ದೆ. ಕೇಳಬಾರದಿತ್ತೇನೋ.

"ಆಸೆ ಇಲ್ಲ ಅಂದ್ರೆ ಸುಳ್ಳಾಗತ್ತೆ," ಎಂದರು. "ಆದ್ರೆ ಈಗ ನನ್ನ ಬೆನ್ನ ಹಿಂದೆ ಕಂಪನಿಯವರು ನಿಂತಿರೋದು ಎಲ್ಲರಿಗೂ ಕಾಣತ್ತೆ. ಕಷ್ಟ ಹೇಳ್ಕೊಳ್ಳೋಕೆ ಬಂದವರು ಅವರನ್ನ ನೋಡಿ ವಾಪಸ್ ಹೋಗ್ತಾರೆ. ಅದನ್ನ ನೋಡೋ ಧೈರ್ಯ ನನಗಿಲ್ಲ."

ಈಗ ವಾಷಿಂಗ್ಟನ್ನಿನಲ್ಲಿ ಅದೇ ಸಂಘದ ದೊಡ್ಡ ಹುದ್ದೆಯಲ್ಲಿದ್ದಾರೆ. ಅವರ ಜಾಗಕ್ಕೆ ಬಂದವರಿಗೆ ನಾನು ಟಿಪ್ಪಣಿ ಬರೆದುಕೊಡುತ್ತೇನೆ. ಡಬ್ಲಿನ್ನಿನಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಬಾಗಿಲಲ್ಲಿ ಪಾರ್ಸೆಲ್ಲಿನವನು ಗಂಟೆ ಒತ್ತಿ, ನಾನು ತೆರೆಯುವಷ್ಟರಲ್ಲಿ ಪೊಟ್ಟಣವಿಟ್ಟು ಹೋಗಿರುತ್ತಾನೆ. ಅವನಾದರೂ ಒಂದು ಗಳಿಗೆ ನಿಂತು ಕುಡಿಯಲು ನೀರು ಕೇಳಲಿ ಅನಿಸುತ್ತದೆ.