ಬದನೆಕಾಯಿ ಹೊತ್ತ ಕರಡಿ

ಎರಡು ವರ್ಷ ನಾನು ಮೊಮ್ಮಗಳಿಗೆ ಸುಳ್ಳು ಹೇಳಿದೆ, ಕೊನೆಗೆ ಸಿಕ್ಕಿಬಿದ್ದೆ. ನಡೆದದ್ದು ಇಷ್ಟೇ. ಸೊಸೆ ಇದನ್ನೇ ನೆಂಟರ ಮುಂದೆ ‘ಅತ್ತೆಯವರ ಕಲ್ಪನೆ’ ಎಂದು ಬಣ್ಣ ಹಚ್ಚಿ ಹೇಳುತ್ತಾಳೆ, ನೀವು ನಂಬಬೇಡಿ. ಮೊನ್ನೆ ಹಳೆ ಬಟ್ಟೆಯ ಗಂಟಿನಲ್ಲಿ ಅವಳ ಆ ಇಂಗ್ಲಿಷ್ ಕರಡಿ ಪುಸ್ತಕ ಸಿಕ್ಕಿತು, ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾವು ಮದ್ರಾಸಿನ ಬೆಸೆಂಟ್ ನಗರದಲ್ಲಿದ್ದೆವು. ಮಗ, ಸೊಸೆ ಆಫೀಸಿಗೆ ಹೋದರೆ ಮನೆಯಲ್ಲಿ ನಾನು ಮತ್ತು ಮೊಮ್ಮಗಳು ಚಿನ್ನು. ನಾನು ಮಂಡ್ಯದ ಕಡೆ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕನ್ನಡ ಹೇಗೋ ಕೂಡಿಸಿಕೊಳ್ಳುತ್ತೇನೆ; ಇಂಗ್ಲಿಷ್ ನನಗೆ ಬರೀ ಇರುವೆ ಸಾಲು. ಚಿನ್ನು ಏನು ಕೇಳಿದರೂ ಹೆಚ್ಚಾಗಿ ತಮಿಳಿನಲ್ಲೇ ಉತ್ತರ ಕೊಡುವವಳು. ಕನ್ನಡಕ್ಕೆ ಅವಳು ಕಿವಿಗೊಡುತ್ತಿದ್ದುದು ಆ ಕರಡಿಯ ಕಥೆ ಹೇಳುವಾಗ ಮಾತ್ರ.

ನಾನು ಚಿತ್ರ ನೋಡಿ, ಓದಿದ ಹಾಗೆ ಬೆರಳು ಆಡಿಸುತ್ತ ಕಥೆ ಕಟ್ಟುತ್ತಿದ್ದೆ. ಕರಡಿ ಮಾವನ ಮನೆಗೆ ಹೊರಟ ಅಳಿಯ. ಬುಟ್ಟಿಯಲ್ಲಿ ನೇರಳೆ ಬಣ್ಣದ್ದೇನೋ ಇತ್ತು, ಬದನೆಕಾಯಿ ಎಂದೆ. ನರಿ ಎಗ್ಮೋರ್ ಸ್ಟೇಷನ್ನಿನ ಟಿಕೆಟ್ ಕಲೆಕ್ಟರ್. ದಿನಾ ಅದೇ ಕಥೆ ಮಗುವಿಗೆ ಹೇಗೆ ಹಿಡಿಸುತ್ತದೋ ಎಂದು ಯೋಚಿಸಿದ್ದೇನೆ. ಆ ಕರಡಿ ದಿನಾ ಅದೇ ಪುಟದಲ್ಲಿ ಕೆಸರಿಗೆ ಬೀಳುತ್ತಿತ್ತು, ಯಾರ ಮೇಲೂ ರೇಗದೆ ಎದ್ದು ಹೊರಡುತ್ತಿತ್ತು. ನಮ್ಮ ಮನೆಯಲ್ಲಿ ಅಂಥವರು ಯಾರಿದ್ದರು? ನಾನಂತೂ ಅಲ್ಲ.

ಒಂದನೇ ಕ್ಲಾಸಿನಲ್ಲಿ ಚಿನ್ನು ಓದಲು ಕಲಿತಳು. ಒಂದು ಸಂಜೆ ಬುಟ್ಟಿಯ ಬದನೆಕಾಯಿಯ ಮೇಲೆ ಬೆರಳಿಟ್ಟು, “ಅಜ್ಜಿ, ಇದು ಕತ್ರಿಕ್ಕಾಯ್ ಇಲ್ಲೆ, ಗ್ಲವ್!” ಎಂದಳು.

“ಹಂಗಂದ್ರೆ ಏನೇ?”

“ಚಳಿಗೆ ಕೈಗೆ ಹಾಕೋ ಸಾಕ್ಸ್.”

“ಈ ಮದ್ರಾಸಲ್ಲಿ ಚಳಿ ಎಲ್ಲೇ ಕಂಡಿದೀನಿ ನಾನು?”

ಅವಳು ನಗಲಿಲ್ಲ. “ಪೊಯ್ ಸೊಲ್ಲಿಟ್ಟೆ, ಅಜ್ಜಿ.” ನೀನು ಸುಳ್ಳು ಹೇಳಿಬಿಟ್ಟೆ ಅಂತ.

ಆಮೇಲೆ ಪುಸ್ತಕ ಹಿಡಿದು ಬಾಲ್ಕನಿಯಲ್ಲಿ ಒಬ್ಬಳೇ ಕೂರತೊಡಗಿದಳು. ನನ್ನ ಮಗ್ಗುಲಿಗೆ ಬರುವುದೇ ನಿಂತಿತು. ಅವಳ ಕನ್ನಡವೂ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಅಷ್ಟರಲ್ಲಿ ಸರಸ್ವತಿ ಪೂಜೆ ಬಂತು. ಅವತ್ತು ಪುಸ್ತಕಗಳನ್ನು ದೇವರ ಮುಂದೆ ಜೋಡಿಸಿದರೆ ಮರುದಿನ ತೆಗೆಯುವ ತನಕ ಯಾರೂ ಒಂದಕ್ಷರ ಓದುವಂತಿಲ್ಲ. ಸೊಸೆ ಪಾಠದ ಪುಸ್ತಕಗಳನ್ನಷ್ಟೇ ಇಟ್ಟಿದ್ದಳು. ಕರಡಿ ಪುಸ್ತಕವನ್ನು ತಂದು ಎಲ್ಲಕ್ಕಿಂತ ಅಡಿಯಲ್ಲಿ ಸೇರಿಸಿದ್ದು ನಾನು. ಭಕ್ತಿಯಿಂದಲ್ಲ, ಹೊಟ್ಟೆಕಿಚ್ಚಿನಿಂದ.

ಮಧ್ಯಾಹ್ನ ಚಿನ್ನು ಬಂದು ನಿಂತಳು. “ಅಜ್ಜಿ, ಬುಕ್ ಕೊಡು.”

“ಸರಸ್ವತಿ ಓದ್ತಾ ಅವ್ಳೆ. ಸುಮ್ನಿರು.”

ಸುತ್ತಿ ಸುತ್ತಿ ಬೇಸತ್ತು ಕೊನೆಗೆ ನನ್ನ ತೊಡೆಗೆ ಒರಗಿದಳು. “ಸರಿ, ಕತ್ರಿಕ್ಕಾಯ್ ಕರಡಿ ಕಥೆ ಸೊಲ್ಲು.”

ಹೇಳಿದೆ. ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಮಗುವಿನ ಪುಸ್ತಕ ಕಿತ್ತಿಟ್ಟು ಗೆಲ್ಲುವುದು ಯಾವ ದೊಡ್ಡಸ್ತಿಕೆ? ಅರ್ಧದಲ್ಲಿ ಅವಳು ತಲೆಯೆತ್ತಿ, ಆ ಗ್ಲವ್ ನಿಜವಾಗಿ ಯಾರದೆಂದು ಗೊತ್ತೇ ಎಂದು ಕೇಳಿದಳು. ಎರಡು ವರ್ಷ ಆ ಪುಟ ತಿರುವಿದ್ದೆ, ಗೊತ್ತಿರಲಿಲ್ಲ.

“ಯಾರದ್ದೇ?”

“ಸೊಲ್ಲಮಾಟ್ಟೇನ್. ಸರಸ್ವತಿ ಓದ್ತಾ ಅವ್ಳೆ, ಸುಮ್ನಿರು,” ಎಂದು ನನ್ನ ಧಾಟಿಯಲ್ಲೇ ಅಣಕಿಸಿದಳು. ಹೇಳುವುದಿಲ್ಲವಂತೆ.

ಮರುದಿನ ಬೆಳಿಗ್ಗೆ, ಹಾಲು ಕಾಯಿಸುವುದಕ್ಕೂ ಮೊದಲು, ಅಡಿಯಿಂದ ಆ ಪುಸ್ತಕ ಎಳೆದು ಅವಳ ಕೈಗೆ ಕೊಟ್ಟೆ. ಎದುರಿಗೆ ನೆಲದ ಮೇಲೆ ಕೂತೆ. “ನಂಗೆ ಇಂಗ್ಲಿಷ್ ಓದೋಕೆ ಬರಲ್ಲ ಕಣೆ. ಮೊದಲಿಂದ ಓದಿ, ಕನ್ನಡದಲ್ಲಿ ಹೇಳು,” ಎಂದೆ.