ಹಲ್ಲು ಬಿಡಬಾರದ ನಗೆಪಾಠ

ಎಂಟನೇ ತರಗತಿಯ ಹುಡುಗನನ್ನು ಚಿಕ್ಕವನು ಅನ್ನಬಹುದಾದರೆ, ಮಕ್ಕಳೇ, ನಾನು ಚಿಕ್ಕವನಿದ್ದಾಗ ನಡೆದದ್ದು ಇದು. ಆಗ ನಮ್ಮ ಮನೆ ಕೋಗಿಲಿನಲ್ಲಿತ್ತು. ಮನೆಯ ಹಿಂದೆ ಅಪ್ಪನ ದ್ರಾಕ್ಷಿ ತೋಟ. ಕಲ್ಲುಕಂಬಗಳ ಮೇಲೆ ತಂತಿ ಎಳೆದು ಹಬ್ಬಿಸಿದ ಬಳ್ಳಿಯ ಕೆಳಗೆ ಮಟಮಟ ಮಧ್ಯಾಹ್ನವೂ ತಂಪಾಗಿರುತ್ತಿತ್ತು. ಹಣ್ಣಿನ ಕಾಲದಲ್ಲಿ ಕಪ್ಪು ದ್ರಾಕ್ಷಿಯ ಹುಳಿಸಿಹಿ ವಾಸನೆ ನಮ್ಮ ಹಾಸಿಗೆಗೆ, ಪುಸ್ತಕಕ್ಕೆ, ತಲೆಗೂದಲಿಗೆ ಎಲ್ಲಕ್ಕೂ ಅಂಟಿಕೊಳ್ಳುತ್ತಿತ್ತು. ನಾನು ಓದುತ್ತಿದ್ದುದು ಯಲಹಂಕದ ಹೈಸ್ಕೂಲಿನಲ್ಲಿ. ದಿನಾ ನಡೆದೇ ಹೋಗುತ್ತಿದ್ದೆ. ಕೋಗಿಲಿನಿಂದ ನಮ್ಮ ತರಗತಿಗೆ ಹೋಗುತ್ತಿದ್ದವನು ನಾನೊಬ್ಬನೇ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಟೀಚರ್ ಆಗಬೇಕೆಂದು ಬಿ.ಇಡಿ. ಓದುತ್ತಿದ್ದಳು. ಬೆಳಿಗ್ಗೆ ಬಸ್ಸು ಹಿಡಿದು ಕಾಲೇಜಿಗೆ ಹೋದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಅಪ್ಪನಿಗೆ ಇದು ಹಿಡಿಸುತ್ತಿರಲಿಲ್ಲ. "ಎಣ್ಣುಮಗ ಇಂಗೆ ದಿನಾ ಬಸ್ಸಲ್ಲಿ ಅಲ್ಕಂಡು ಎಷ್ಟು ದಿನ ಇರ್ತಾಳೆ? ಒಂದು ವರ್ಸ ಅಂದಿವ್ನಿ. ಒಂದೇ ವರ್ಸ. ಆಮ್ಯಾಲೆ ಗಂಡಿನೋರು ಕಾಯ್ತಾವ್ರೆ," ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಅಕ್ಕ ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದಳು.

ಟೀಚರ್ ಆಗುವವರಿಗೆ ಕೊನೆಯಲ್ಲೊಂದು ಪರೀಕ್ಷೆ. ನಿಜವಾದ ಶಾಲೆಗೆ ಹೋಗಿ, ನಿಜವಾದ ಮಕ್ಕಳಿಗೆ ಪಾಠ ಮಾಡಬೇಕು. ಪರೀಕ್ಷಕರು ಹಿಂದೆ ಕೂತು ಅಂಕ ಹಾಕುತ್ತಾರೆ. ಯಾರಿಗೆ ಯಾವ ಶಾಲೆ, ಯಾವ ತರಗತಿ ಎಂದು ಕಾಲೇಜಿನಲ್ಲಿ ಚೀಟಿ ಎತ್ತಿದರು. ಅಕ್ಕನ ಚೀಟಿಯಲ್ಲಿ ನಮ್ಮ ತರಗತಿಯೇ ಬಂದುಬಿಟ್ಟಿತು! ಆದರೆ ಸ್ವಂತದವರು ಇರುವ ತರಗತಿಗೆ ಪರೀಕ್ಷೆಯ ಪಾಠ ಮಾಡಬಾರದು ಅನ್ನುವುದು ನಿಯಮ. ಹೇಳಿದರೆ ಪರೀಕ್ಷೆ ಮುಂದಕ್ಕೆ ಹೋಗಬಹುದು, ಮುಂದಕ್ಕೆ ಹೋದರೆ ಅಪ್ಪ ಕೊಟ್ಟ ವರ್ಷ ಮುಗಿದುಹೋಗುತ್ತದೆ.

"ನಾನು ನಿನ್ನ ಅಕ್ಕ ಅಂತ ಯಾರಿಗೂ ಬಾಯಿ ಬಿಡ್ಬೇಡ ಕಣೋ," ಎಂದು ಅಕ್ಕ ನನ್ನ ಎರಡೂ ಕೈ ಹಿಡಿದುಕೊಂಡಳು. "ಎಲ್ರ ಥರ ನೀನೂ ಮೇಡಂ ಅನ್ನು."

ಅವಳಿಗೆ ಬಂದ ಪಾಠ ಒಂದು ನಗೆಗಥೆ. ಹೊಸ ಅಳಿಯನೊಬ್ಬ ಮಾವನ ಮನೆಗೆ ಹೋಗುತ್ತಾನೆ. ನಾಚಿಕೆಯಿಂದ ಊಟಕ್ಕೆ ಏನು ಬಡಿಸಿದರೂ 'ಸಾಕು, ಸಾಕು' ಅನ್ನುತ್ತಾನೆ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಹಸಿವು ತಾಳಲಾರದೆ ಅಡುಗೆಮನೆಗೆ ನುಗ್ಗಿ, ಕೋಡುಬಳೆ ತುಂಬಿದ ಜಾಡಿಗೆ ಕೈ ಹಾಕುತ್ತಾನೆ. ಮುಷ್ಟಿ ತುಂಬ ಹಿಡಿದ ಕೈ ಹೊರಗೆ ಬರುವುದಿಲ್ಲ. ಅಷ್ಟರಲ್ಲಿ ಅತ್ತೆ ಎದ್ದು ಬರುತ್ತಾಳೆ. ಅವನು ಜಾಡಿಯ ಮೇಲೆ ಶಾಲು ಹೊದ್ದು, "ಚಳಿ ಅತ್ತೆ," ಅನ್ನುತ್ತಾನೆ. ಬೇಸಿಗೆಯಲ್ಲಿ ಚಳಿಯೇ? ಜ್ವರವೇ ಇರಬೇಕು ಎಂದು ಪಂಡಿತರನ್ನು ಕರೆಸುತ್ತಾರೆ. ಪಂಡಿತರು ನಾಡಿ ನೋಡಲು ಶಾಲಿನೊಳಗೆ ಕೈ ಹಾಕಿ, ಗಂಭೀರವಾಗಿ ಹೇಳುತ್ತಾರೆ: "ಊತ ಜೋರಾಗಿದೆ. ಮುಟ್ಟಿದರೆ ತಣ್ಣಗಿದೆ. ತಟ್ಟಿದರೆ ಟಣ್ ಅನ್ನುತ್ತಿದೆ. ನನ್ನ ಆಯುಷ್ಯದಲ್ಲಿ ಇಂಥ ಕೈ ನೋಡಿಲ್ಲ!"

ಅಕ್ಕ ದ್ರಾಕ್ಷಿ ಚಪ್ಪರದ ಕೆಳಗೆ ನಿಂತು ನನ್ನೊಬ್ಬನನ್ನೇ ಇಡೀ ತರಗತಿ ಮಾಡಿಕೊಂಡು ಅಭ್ಯಾಸ ಮಾಡಿದಳು. ಮೊದಲ ದಿನ ನಾನು ನಕ್ಕು ನಕ್ಕು ಕಲ್ಲುಕಂಬಕ್ಕೆ ತಲೆ ಬಡಿಸಿಕೊಂಡೆ. ಎರಡನೇ ದಿನವೂ ನಕ್ಕೆ. ಐದನೇ ದಿನ ಬರಿಯ ಮುಗುಳ್ನಗೆ. ಹನ್ನೆರಡನೇ ದಿನಕ್ಕೆ ಆ ಕಥೆ ಅಗಿದು ಅಗಿದು ರಸ ಹೋದ ಕಬ್ಬಿನ ಸಿಪ್ಪೆಯಂತಾಗಿತ್ತು. ಅಕ್ಕನ ಮುಖ ಸಣ್ಣದಾಯಿತು. "ನಾಳೆ ಒಂದು ದಿನ ನಕ್ಕುಬಿಡೋ. ಟಣ್ ಅಂದ ತಕ್ಷಣ ನಗು. ಒಬ್ಬ ನಕ್ಕರೆ ಉಳಿದೋರೂ ನಗ್ತಾರೆ," ಎಂದಳು. ನಾನು ಅವಳ ಕೈ ಮೇಲೆ ಕೈ ಇಟ್ಟು ಆಣೆ ಮಾಡಿದೆ.

ಮರುದಿನ ಅವಳು ಮುಂದೆ, ನಾನು ನೂರು ಹೆಜ್ಜೆ ಹಿಂದೆ ನಡೆದೆವು. ಮಂಜಿನಲ್ಲಿ ನೀಲಗಿರಿ ಎಲೆಗಳ ವಾಸನೆ. ಅವಳ ಹಸಿರು ಸೀರೆ, ಕಂಕುಳಲ್ಲಿ ಸುರುಳಿ ಸುತ್ತಿದ ಚಾರ್ಟು ಕಾಣುತ್ತಿತ್ತು. ಒಮ್ಮೆಯೂ ಅವಳು ತಿರುಗಿ ನೋಡಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಾಸ್ಟರು ಬೆತ್ತ ಎತ್ತಿ ನಮ್ಮ ತರಗತಿಯ ಸಾಲಿನ ಮುಂದೆ ಬಂದು ನಿಂತರು. "ಇವತ್ತು ದೊಡ್ಡ ಪರೀಕ್ಷಕರು ನಿಮ್ಮ ಕ್ಲಾಸಿಗೆ ಬರ್ತಾರೆ. ಶಾಲೆ ಮರ್ಯಾದೆ ಪ್ರಶ್ನೆ. ಗಲಾಟೆ ಇಲ್ಲ, ಕಿಸಿಕಿಸಿ ಇಲ್ಲ. ಒಬ್ಬರ ಹಲ್ಲು ಕಾಣ್ಸಿದ್ರೂ ಬಾಸುಂಡೆ ಬರುತ್ತೆ, ನೆನಪಿರ್ಲಿ!"

ನಗದಿದ್ದರೆ ಅಕ್ಕ ಫೇಲು. ನಕ್ಕರೆ ಬೆತ್ತ. ಅಕ್ಕನಿಗೆ ಈ ಸುದ್ದಿ ಮುಟ್ಟಿಸೋಣವೆಂದರೆ ಅವಳು ಪರೀಕ್ಷಕರ ಜೊತೆ ಸ್ಟಾಫ್ ರೂಮಿನಲ್ಲಿ ಕೂತಿದ್ದಳು. ಬಾಗಿಲ ತನಕ ಎರಡು ಸಲ ಹೋಗಿ ಬಂದೆ. ಪರಿಚಯವೇ ಇಲ್ಲದ ಮೇಡಂ ಹತ್ತಿರ ಒಬ್ಬ ಹುಡುಗ ಏನೆಂದು ಹೋಗಿ ಪಿಸುಗುಟ್ಟುವುದು?

ಮೂರನೇ ಪೀರಿಯಡ್ ಗಂಟೆ ಹೊಡೆಯಿತು. ನಾನು ಉದ್ದದ ಹುಡುಗನಾದ್ದರಿಂದ ನನ್ನ ಜಾಗ ಕಡೇ ಬೆಂಚು, ಗೋಡೆಯ ಪಕ್ಕ. ಪರೀಕ್ಷಕರು ಒಳಗೆ ಬಂದವರೇ ನೇರವಾಗಿ ನಮ್ಮ ಬೆಂಚಿಗೆ ಬಂದರು. ನನ್ನ ಜೊತೆಗಿದ್ದವನನ್ನು ಮುಂದಕ್ಕೆ ಕಳಿಸಿ ಅವನ ಜಾಗದಲ್ಲಿ ತಾವು ಕೂತರು. ಕಪ್ಪು ಕೋಟು, ನಶ್ಯದ ಘಾಟು, ಕೈಯಲ್ಲಿ ಕೆಂಪು ಪೆನ್ಸಿಲು. ಈ ಕಡೆ ಗೋಡೆ, ಆ ಕಡೆ ಅವರು. ಉಸಿರಾಡಿದರೂ ಅವರ ಕೋಟಿನ ತೋಳು ನನಗೆ ತಾಗುತ್ತಿತ್ತು. ಕಿಟಕಿಯಾಚೆ ವರಾಂಡದಲ್ಲಿ ಹೆಡ್‌ಮಾಸ್ಟರು ಬೆತ್ತ ಹಿಡಿದು ನಿಂತಿದ್ದರು.

ಅಕ್ಕ ಬಂದಳು. "ನಮಸ್ತೇ ಮೇಡಂ," ಎಂದು ಎಲ್ಲರೊಡನೆ ನಾನೂ ರಾಗ ಎಳೆದೆ. ಅವಳ ದನಿ ಎಂದಿನದಲ್ಲವೆಂದು ನನಗೊಬ್ಬನಿಗೇ ಗೊತ್ತಾಯಿತು. ಆದರೆ ಕಥೆ ಶುರುವಾಗುತ್ತಿದ್ದಂತೆ ಅವಳ ದನಿ ಸರಿಹೋಯಿತು. ಅಳಿಯನಾಗಿ ನಾಚಿದಳು, ಅತ್ತೆಯಾಗಿ ಹುಬ್ಬೇರಿಸಿದಳು. ಅಷ್ಟು ಚೆನ್ನಾಗಿ ಅವಳು ಚಪ್ಪರದ ಕೆಳಗೆ ಒಂದು ದಿನವೂ ಹೇಳಿರಲಿಲ್ಲ.

ತರಗತಿ ಮಾತ್ರ ಸ್ಮಶಾನದಂತಿತ್ತು. ನನ್ನ ಮುಂದಿನ ಹುಡುಗ ಅಂಗಿಯ ಕಾಲರನ್ನು ಬಾಯಿಗೆ ತುರುಕಿಕೊಂಡಿದ್ದ. ಅವನ ಕಿವಿ ದಾಳಿಂಬೆ ಹೂವಿನಂತೆ ಕೆಂಪಾಗಿತ್ತು. ಹುಡುಗಿಯೊಬ್ಬಳು ಜಡೆಯ ರಿಬ್ಬನ್ ಕಚ್ಚಿ ಹಿಡಿದಿದ್ದಳು. ಬೆಂಚುಗಳೇ ಸಣ್ಣಗೆ ನಡುಗುತ್ತಿದ್ದವು. ಯಾರೂ ಹಲ್ಲು ಬಿಡಲಿಲ್ಲ. ಎಲ್ಲರೂ ತಲೆ ತಗ್ಗಿಸಿದ್ದರಿಂದ ಅಕ್ಕನಿಗೆ ಕಾಣುತ್ತಿದ್ದುದು ಎಣ್ಣೆ ಹಚ್ಚಿದ ತಲೆಗಳು ಮಾತ್ರ. ಅವಳ ಹಣೆಯಲ್ಲಿ ಬೆವರು ಮೂಡಿತು. ಪರೀಕ್ಷಕರ ಹಾಳೆಯಲ್ಲಿ 'ಮಕ್ಕಳ ಸ್ಪಂದನೆ' ಎಂದು ಅಚ್ಚಾಗಿದ್ದ ಕಡೆ ಕೆಂಪು ಪೆನ್ಸಿಲು ನಿಧಾನವಾಗಿ 'ಇಲ್ಲ' ಎಂದು ಬರೆಯಿತು. ಅದನ್ನು ನಾನು ಓದಿದೆ.

"ತಟ್ಟಿದರೆ ಟಣ್ ಅನ್ನುತ್ತಿದೆ!" ಎಂದಳು ಅಕ್ಕ. ಎಂದವಳೇ ಎಲ್ಲ ತಲೆಗಳ ಮೇಲಿಂದ ನನ್ನನ್ನೇ ನೋಡಿದಳು.

ಇಡೀ ತರಗತಿಗೆ ನಗು ಬಂದಿತ್ತು, ನಗುವ ಧೈರ್ಯ ಇರಲಿಲ್ಲ. ನಗಲೇಬೇಕಾದ ನನಗೆ ನಗುವೇ ಬರಲಿಲ್ಲ. ಕಣ್ಣು ಮುಚ್ಚಿ ಜೋರಾಗಿ ಬಾಯಿ ತೆಗೆದೆ. ಗಂಟಲಿನಿಂದ ಹೊರಟದ್ದು ಮೇಕೆ ಕೆಮ್ಮಿದಂಥ ಒಂದು ಸದ್ದು.

ಪರೀಕ್ಷಕರು ನನ್ನ ಕಡೆ ತಿರುಗಿದರು. "ಏನಯ್ಯಾ, ಗಂಟಲಲ್ಲಿ ಏನಾದ್ರೂ ಸಿಕ್ಕೊಂಡಿದೆಯಾ?"

"ಇಲ್ಲ ಸಾರ್. ನಗ್ತಾ ಇದ್ದೆ ಸಾರ್."

"ಇದು ನಗುವಾ? ಎದ್ದು ನಿಲ್ಲು." ನಾನು ನಿಂತೆ. ಬೆಂಚಿಗೂ ಡೆಸ್ಕಿಗೂ ನಡುವೆ ಮೊಣಕಾಲು ಸಿಕ್ಕಿಕೊಂಡಿತ್ತು. "ಇದು ನಗೆಪಾಠ ತಾನೇ? ಇಷ್ಟು ಜನದಲ್ಲಿ ಒಬ್ಬರಿಗೂ ನಗು ಬಂದಿಲ್ಲ. ಯಾಕೆ? ಮೇಡಂ ಸರಿಯಾಗಿ ಹೇಳ್ಲಿಲ್ವಾ?"

ಹನ್ನೆರಡು ದಿನದಿಂದ ಕೇಳಿದ್ದೇನೆ ಎಂದರೆ ಗುಟ್ಟು ರಟ್ಟಾಗುತ್ತದೆ. ಸುಮ್ಮನಿದ್ದರೆ ಹಾಳೆಯ ಮೇಲಿನ 'ಇಲ್ಲ' ಹಾಗೇ ಉಳಿಯುತ್ತದೆ. ಇನ್ನು ನಿಜ ಹೇಳಿದರೆ ಕಿಟಕಿಯಲ್ಲಿ ಬೆತ್ತ. ಅಕ್ಕನ ಕೈಯಲ್ಲಿ ಚಾಕ್‌ಪೀಸು ಪುಡಿಯಾಗಿ ಸೀರೆಯ ಮೇಲೆ ಉದುರುತ್ತಿತ್ತು. ಅದನ್ನು ನೋಡಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ.

"ಮೇಡಂ ತುಂಬಾ ಚೆನ್ನಾಗಿ ಹೇಳಿದ್ರು ಸಾರ್. ಎಲ್ರಿಗೂ ನಗು ಬಂದಿದೆ. ಹಲ್ಲು ಕಾಣ್ಸಿದ್ರೆ ಬಾಸುಂಡೆ ಬರುತ್ತೆ ಅಂತ ಹೆಡ್‌ಮಾಸ್ಟರು ಹೇಳಿದಾರೆ. ಅದಕ್ಕೇ ಎಲ್ರೂ ಒಳಗೇ ಇಟ್ಕೊಂಡಿದಾರೆ ಸಾರ್."

ಎಲ್ಲರೂ ಕಿಟಕಿಯ ಕಡೆ ನೋಡಿದರು. ಪರೀಕ್ಷಕರೂ ನೋಡಿದರು. ಹೆಡ್‌ಮಾಸ್ಟರು ಗಡಬಡಿಸಿ ಬೆತ್ತವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಅದರ ತುದಿ ಅವರ ತಲೆಯ ಮೇಲೆ ಜುಟ್ಟಿನ ಹಾಗೆ ನೆಟ್ಟಗೆ ನಿಂತಿತು.

ರಿಬ್ಬನ್ ಕಚ್ಚಿದ್ದ ಹುಡುಗಿ ಮೊದಲು 'ಪುಸಕ್' ಎಂದಳು. ಆಮೇಲೆ ಕೆರೆ ಕೋಡಿ ಒಡೆದಂತಾಯಿತು. ಅಷ್ಟು ಹೊತ್ತು ಅದುಮಿಟ್ಟಿದ್ದ ನಗುವೆಲ್ಲ ಒಟ್ಟಿಗೇ ಹೊರಬಂತು. ಹುಡುಗರು ಡೆಸ್ಕು ಕುಟ್ಟಿ ನಕ್ಕರು. ನಾನೊಬ್ಬ ಮಾತ್ರ ನಿಂತಲ್ಲೇ ಅಳುತ್ತಿದ್ದೆ.

ಅಕ್ಕ ಗದರಿಸಲಿಲ್ಲ. ನಗು ಇಳಿಯುವ ತನಕ ಕಾದಳು. ಆಮೇಲೆ ಕೇಳಿದಳು: "ಕೋಡುಬಳೆ ಬಿಟ್ಟಿದ್ರೆ ಕೈ ಸಲೀಸಾಗಿ ಹೊರಗೆ ಬರ್ತಿತ್ತು. ಅಳಿಯ ಯಾಕೆ ಬಿಡ್ಲಿಲ್ಲ?"

"ಹಸಿವು ಮೇಡಂ!" ಎಂದ ಕಾಲರ್ ತಿಂದವನು.

"ಹಸಿವು ಆಗಿದೆ ಅಂತ ಬಾಯಿಬಿಟ್ಟು ಹೇಳೋಕೆ ಅವನಿಗೆ ಭಯ ಮೇಡಂ," ಎಂದಳು ಆ ಹುಡುಗಿ.

ಗಂಟೆ ಹೊಡೆದು ಮಕ್ಕಳೆಲ್ಲ ಹೊರಗೆ ಓಡಿದರು. ಪರೀಕ್ಷಕರು ಬೆಂಚು ಬಿಟ್ಟು ಏಳಲಿಲ್ಲ, ಆದ್ದರಿಂದ ನಾನೂ ಗೋಡೆಯ ಪಕ್ಕ ಸಿಕ್ಕಿಬಿದ್ದಿದ್ದೆ. ಅಕ್ಕ ಬಂದು ಅವರ ಮುಂದೆ ನಿಂತಳು. ನನ್ನ ಒದ್ದೆ ಮುಖ ನೋಡಿದಳು. "ಸಾರ್, ಒಂದು ವಿಷಯ ಮುಚ್ಚಿಟ್ಟಿದ್ದೆ. ಇವನು ನನ್ನ ಸ್ವಂತ ತಮ್ಮ," ಎಂದುಬಿಟ್ಟಳು.

"ಗೊತ್ತು ಕಣಮ್ಮ," ಎಂದರು ಪರೀಕ್ಷಕರು. "ನೀನು ಒಂದೊಂದು ಸಾಲು ಹೇಳೋ ಮೊದಲೇ ಇವನ ತುಟಿ ಅದನ್ನ ಹೇಳಿ ಮುಗಿಸ್ತಿತ್ತು. ನಾನು ಪಾಠ ಎರಡೆರಡು ಸಲ ಕೇಳಿದ ಹಾಗಾಯ್ತು." ನನಗೆ ಆ ತುಟಿ ಕಿತ್ತೆಸೆಯುವಷ್ಟು ನಾಚಿಕೆಯಾಯಿತು. ಅವರು ಹಾಳೆಯನ್ನು ಅಡ್ಡಡ್ಡ ಹರಿದರು. "ಇವತ್ತಿನದು ನಡೆಯಲ್ಲ. ನಾಳೆ ಮೊದಲನೇ ಪೀರಿಯಡ್, ಪಕ್ಕದ ಒಂಬತ್ತನೇ ತರಗತಿಗೆ ಇದೇ ಪಾಠ ಮಾಡು. ಈ ತಮ್ಮ ಇರಬಾರದು, ಆ ಬೆತ್ತವೂ ಇರಬಾರದು."

ಸಂಜೆ ಅಪ್ಪ, "ಏನಾಯ್ತು?" ಎಂದು ಕೇಳಿದ. "ನಾಳೆ ಗೊತ್ತಾಗುತ್ತೆ ಅಪ್ಪ," ಎಂದಳು ಅಕ್ಕ. ನಾವಿಬ್ಬರೂ ಸರಿಯಾಗಿ ಉಣ್ಣಲಿಲ್ಲ.

ಮರುದಿನ ಮೊದಲ ಪೀರಿಯಡ್ ನಮಗೆ ಲೆಕ್ಕ. ನಮ್ಮ ತರಗತಿಗೂ ಒಂಬತ್ತನೆಯದಕ್ಕೂ ನಡುವಿನ ಗೋಡೆ ಹಂಚಿನ ತನಕ ಹೋಗಿರಲಿಲ್ಲ, ಮೇಲೆ ಬಯಲು. ಅಕ್ಕನ ಮಾತು ತಿಳಿಯುತ್ತಿರಲಿಲ್ಲ, ದನಿಯ ಏರಿಳಿತ ಮಾತ್ರ ಕೇಳುತ್ತಿತ್ತು. ನನಗೆ ಅಷ್ಟೇ ಸಾಕಾಗಿತ್ತು. ಈಗ ಅಳಿಯ ಊಟಕ್ಕೆ ಕೂತ. ಈಗ ಅಡುಗೆಮನೆ. ಈಗ ಶಾಲು. ಲೆಕ್ಕದ ಮೇಷ್ಟರು ಬೋರ್ಡಿನ ಮೇಲೆ ಏನೋ ಬರೆಯುತ್ತಿದ್ದರು. ಅಕ್ಕನ ದನಿ ನಿಂತಿತು. ಪಂಡಿತರು ಕೈ ಚಾಚಿದ್ದಾರೆ. ಏನೂ ಸದ್ದಿಲ್ಲ.

ಆಮೇಲೆ ಆ ನಗು ಬಂತು. ಗೋಡೆ ಹಾರಿ ನಮ್ಮ ತರಗತಿಯ ತುಂಬ ಬಿತ್ತು. ಹಂಚಿನ ಕೆಳಗಿದ್ದ ಪಾರಿವಾಳಗಳು ಪಟಪಟನೆ ಎದ್ದವು. ನನಗೂ ನಗು ಬಂತು ಮಕ್ಕಳೇ! ಹನ್ನೆರಡು ದಿನದ ಬಾಕಿಯೆಲ್ಲ ಸೇರಿದಂಥ ನಗು. ಹೊಟ್ಟೆ ಹಿಡಿದುಕೊಂಡೆ, ಬಾಯಿ ಮುಚ್ಚಿಕೊಂಡೆ, ನಿಲ್ಲಲಿಲ್ಲ.

"ಲೆಕ್ಕದಲ್ಲಿ ನಗೋಕೆ ಏನೋ ಇದೆ? ಹತ್ತು ಬೆಂಚಿನ ಮೇಲೆ!" ಎಂದರು ಮೇಷ್ಟರು.

ಹತ್ತಿದೆ. ಬೆಂಚಿನ ಮೇಲೆ ನಿಂತರೆ ಗೋಡೆಯಾಚೆ ಕಾಣುತ್ತಿತ್ತು. ಪರೀಕ್ಷಕರು ಕನ್ನಡಕ ತೆಗೆದು ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು, ಅವರ ಭುಜ ಕುಣಿಯುತ್ತಿತ್ತು. ಅಕ್ಕ ಬೋರ್ಡಿಗೆ ಒರಗಿ ತಾನೂ ನಗುತ್ತಿದ್ದಳು.

ಅಕ್ಕ ಪಾಸಾದಳು. ಅಪ್ಪ ತೋಟದಲ್ಲಿ ಬಳ್ಳಿ ಕಟ್ಟುತ್ತಲೇ ಸುದ್ದಿ ಕೇಳಿಸಿಕೊಂಡ. ಕೈಯಲ್ಲಿದ್ದ ಬಳ್ಳಿಯ ಗಂಟು ಬಿಗಿದು, "ಒಂದು ವರ್ಸ ಅಂದಿದ್ದು ಓದಾಕೆ. ಪಾಠ ಮಾಡಾಕೆ ಎಷ್ಟು ವರ್ಸ ಅಂತ ನಾನೇನೂ ಅಂದಿಲ್ವಲ್ಲ," ಎಂದ. ಅಕ್ಕ ಮದುವೆಯಾದದ್ದು ಕೆಲಸ ಸಿಕ್ಕ ಮೇಲೆಯೇ. ನನಗೆ ಮಾತ್ರ ಒಂದು ವಾರದ ನಂತರ ಹೆಡ್‌ಮಾಸ್ಟರಿಂದ ಎರಡು ಏಟು ಬಿದ್ದವು, ಉಗುರು ಕತ್ತರಿಸಿಲ್ಲ ಎಂದು. ಉಗುರು ಕತ್ತರಿಸಿಯೇ ಇತ್ತು.

ಈಗ ನೀವು ಓದುವ ಶಾಲೆಯಲ್ಲಿ ಬೆತ್ತವಿಲ್ಲ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಕಥೆಯ ಅಳಿಯಂದಿರೇ ಬಂದು ಕುಣಿಯುತ್ತಾರೆ. ಪಾಠ ಬೋರು ಅನ್ನಿಸಿದರೆ ನಿಮ್ಮ ಮಿಸ್ಸಿಗೆ ಎದ್ದು ನಿಂತು ಹಾಗೆಂದೇ ಹೇಳುತ್ತೀರಂತೆ. ಅದನ್ನು ಕೇಳಿ ನನಗೆ ಮೊದಲು ಗಾಬರಿಯಾಯಿತು, ಆಮೇಲೆ ಹೊಟ್ಟೆಕಿಚ್ಚಾಯಿತು. ಆದರೆ ಮೊನ್ನೆ ಮೊಮ್ಮಗಳು ಇನ್ನೊಂದು ಸುದ್ದಿ ಹೇಳಿದಳು. ಅವಳ ತರಗತಿಯ ಮೂಲೆಯಲ್ಲಿ ಒಂದು ಕ್ಯಾಮೆರಾ ಇದೆಯಂತೆ, ಪ್ರಿನ್ಸಿಪಾಲರು ತಮ್ಮ ರೂಮಿನಿಂದಲೇ ಎಲ್ಲರನ್ನೂ ನೋಡುತ್ತಾರಂತೆ. ನಮ್ಮ ಹೆಡ್‌ಮಾಸ್ಟರಿಗಾದರೂ ಹಸಿವಾಗುತ್ತಿತ್ತು, ಊಟದ ಹೊತ್ತಿಗೆ ಕಿಟಕಿ ಬಿಟ್ಟು ಹೋಗುತ್ತಿದ್ದರು. ಇದಕ್ಕೆ ಊಟವೂ ಇಲ್ಲ, ನಿದ್ದೆಯೂ ಇಲ್ಲ.

"ಹಾಗಾದ್ರೆ ಕ್ಲಾಸಲ್ಲಿ ನಗು ಬಂದ್ರೆ ಏನ್ ಮಾಡ್ತೀಯ ಮಗಳೇ?" ಎಂದು ಕೇಳಿದೆ.

"ಅಯ್ಯೋ ತಾತ, ಪೆನ್ಸಿಲ್ ಬೀಳಿಸ್ತೀವಿ," ಎಂದಳು. "ಎತ್ಕೊಳ್ಳೋಕೆ ಅಂತ ಎಲ್ರೂ ಬೆಂಚ್ ಕೆಳಗೆ ಬಗ್ಗಿ, ಅಲ್ಲಿ ನಗ್ತೀವಿ."