‘ತರಿ’ಗೆ ನಾಲ್ಕು ಪುಟ

ಮೂಕಮ್ಮನವರು ಹೆಸರಿಗಷ್ಟೇ ಮೂಕಮ್ಮ. ಕಂದಾಯ ಕಚೇರಿಯೊಂದರ ದಾಖಲೆ ಕೋಣೆಯಲ್ಲಿ ಮೂವತ್ತೊಂದು ವರ್ಷ ಕಡತಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿದವರು. ಓದಿದ್ದು ಏಳನೇ ತರಗತಿ. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುವ ಜೀವವಲ್ಲ ಅದು. ಶಿಕಾರಿಪುರ, ಸೊರಬ ಸೀಮೆಯ ಪದಕೋಶ ಮಾಡುತ್ತೇವೆಂದು ನಾವು ಹೊರಟಾಗ, ಅಂಜನಾಪುರದಿಂದ ಬಸ್ಸು ಹತ್ತಿ ಬಂದು ಒಂದು ನೋಟ್‌ಬುಕ್ ಕೊಟ್ಟುಹೋದರು.

ಅದರಲ್ಲಿ ‘ತರಿ’ ಎಂಬ ಎರಡಕ್ಷರಕ್ಕೆ ನಾಲ್ಕು ಪುಟ, ಒಂದೊಂದು ಅರ್ಥಕ್ಕೆ ಒಂದೊಂದು. ನಮ್ಮ ಸಂಪಾದಕ ಚೌಡೇಶ್, ಸೊರಬದ ನಿವೃತ್ತ ಮೇಷ್ಟ್ರು, ನಾಲ್ಕನ್ನೂ ಸೇರಿಸಿ ಒಂದೇ ಮಾಡಿಬಿಟ್ಟರು. ಮರ ತರಿದು ಗದ್ದೆ ಮಾಡಿದ್ದರಿಂದ ನೀರಾವರಿ ಜಮೀನಿಗೆ ‘ತರಿ’ ಎಂಬ ಹೆಸರು ಬಂತಂತೆ. ಕೇಳಲು ಚೆಂದ. ನಾನೂ ತಲೆದೂಗಿದ್ದೆ, ಈಗ ನಾಚಿಕೆಯಾಗುತ್ತದೆ. ಪುಟಗಳು ಮರುದಿನ ಅಚ್ಚಿಗೆ ಹೋಗಬೇಕಿತ್ತು. ಸುದ್ದಿ ತಿಳಿದು ಮೂಕಮ್ಮ ಮತ್ತೆ ಬಂದರು. ತಪ್ಪು ಅಚ್ಚಾದರೆ ಮುಂದಿನವರಿಗೆ ಅದೇ ನಿಜವಾಗುತ್ತದೆ ಎಂಬುದು ಅವರ ಸಂಕಟ.

“ಸರ್ವೆ ನಂಬರ್ ಹರಿದುಹೋದ ಹಾಳಿ ಸಿಕ್ರೆ ನಾವೇನ್ ಮಾಡ್ತಿದ್ವಿ ಗೊತ್ತೇನ್ರೀ? ಅದರ ಹಿಂದಿಂದು, ಮುಂದಿಂದು ನೋಡ್ತಿದ್ವಿ. ಒಂಟಿ ಹಾಳಿ ನೋಡಿ ಊರು ಹೇಳಾಕೆ ಬರಂಗಿಲ್ಲ.”

“ಪದಕ್ಕೂ ಹಾಗೇನಾ?” ಎಂದು ಚೌಡೇಶ್ ನಕ್ಕರು.

“ಹಂಗೇ ರೀ. ಪಹಣಿಯಾಗೆ ಇದು ಯಾರ ಜೋಡಿ ಕುಂತೈತಿ? ಖುಷ್ಕಿ, ತರಿ, ಬಾಗಾಯ್ತು. ಒಣಭೂಮಿ ಅನ್ನೋ ಖುಷ್ಕಿ ಪಾರ್ಸಿದು, ತೋಟ ಅನ್ನೋ ಬಾಗಾಯ್ತೂ ಅಲ್ಲಿಂದೇ. ನಡುವಿನದೊಂದು ಮಾತ್ರ ನಮ್ಮ ಕಾಡಿಂದು ಹೆಂಗಾಗ್ತೈತಿ? ಉರ್ದು ಮೇಷ್ಟ್ರನ್ನ ಕೇಳೀನಿ. ಪಾರ್ಸಿಯಾಗೆ ‘ತರ್’ ಅಂದ್ರೆ ಹಸಿ, ತೇವ.”

ಚೌಡೇಶರ ನಗು ನಿಂತಿತು, ಮೂಕಮ್ಮ ನಿಲ್ಲಲಿಲ್ಲ. ಮರ ತರಿಯುವ ‘ತರಿ’ಯು ಕಡಿ, ಕೊಚ್ಚುಗಳ ಬಳಗ, ಅಚ್ಚ ಕನ್ನಡ. ಉಪ್ಪಿಟ್ಟಿನ ಅಕ್ಕಿತರಿ ನುಚ್ಚು, ತೌಡುಗಳ ಪೈಕಿ. ಕಡಿಯುವುದಕ್ಕೆ ಅದು ನೆಂಟನೋ ಅಲ್ಲವೋ ತಿಳಿಯದೆಂದು ತಾವೇ ಪ್ರಶ್ನೆಚಿಹ್ನೆ ಹಾಕಿದ್ದರು. ದೋಣಿ ಎಂಬರ್ಥದ ತರಿ ಸಂಸ್ಕೃತದ್ದು, ದಾಟಿಸುವ ‘ತರಣ’ದ ಮನೆಯದು.

ಚೌಡೇಶ್ ಒಂದು ನಿಘಂಟು ತೆಗೆದರು, ಇನ್ನೊಂದು ತೆಗೆದರು. ಕೊನೆಗೆ ತಾವು ಬರೆದದ್ದನ್ನು ತಾವೇ ಹೊಡೆದುಹಾಕಿದರು. ಅದಕ್ಕೂ ದೊಡ್ಡ ಮನಸ್ಸು ಬೇಕು.

“ಕಂದಾಯದ ಪದ ಇನ್ನೂ ಇನ್ನೂರು ಇದಾವೆ ಮಾರಾಯ್ರೆ. ನೀವು ನೋಡದೆ ಒಂದೂ ಅಚ್ಚಿಗೆ ಹೋಗಲ್ಲ” ಎಂದು ಎದ್ದು ತಮ್ಮ ಕುರ್ಚಿಯನ್ನು ಸರಿಸಿಕೊಟ್ಟರು. ಮೂಕಮ್ಮ ಸಂಕೋಚವಿಲ್ಲದೆ ಕೂತರು.

ಪದಕೋಶ ನಾಲ್ಕು ತಿಂಗಳು ತಡವಾಗಿ ಬಂತು. ಮುಖಪುಟದಲ್ಲಿ ಇಬ್ಬರು ಸಂಪಾದಕರ ಹೆಸರಿದೆ. ಅಕಾರಾದಿಯ ಲೆಕ್ಕದಲ್ಲಿ ಚೌಡೇಶ್ ಮೊದಲು ಬರಬೇಕಿತ್ತು. ಅವರೇ ಹಟ ಹಿಡಿದು ಮೂಕಮ್ಮನವರ ಹೆಸರನ್ನು ಮೇಲೆ ಹಾಕಿಸಿದರು.